ಮಾರಾಟಕ್ಕಿದೆ: ಸಾಗರ ದಾಟುವ ಹಾಯಿದೋಣಿ

ಸಮುದ್ರಯಾನ ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ಕುಂದಾಪುರದ ಕಡೆಯಿಂದ ಬಂದಿತ್ತು. ಬರೆದವರು ನಿವೃತ್ತ ಶಾಲಾ ಮಾಸ್ತರರು. ಅವರ ಮಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಮಾರಾಟಕ್ಕಿರುವ ಒಂದು ಹಳೆಯ ಹಾಯಿದೋಣಿಯನ್ನು ಕೊಂಡು, ಹೆಂಡತಿಯೊಡನೆ ಹವಾಯಿ ದ್ವೀಪಕ್ಕೆ ಹೋಗಬೇಕೆಂದಿದ್ದಾನೆ. ದೋಣಿಯ ಜಾಹೀರಾತನ್ನು ಅಪ್ಪನಿಗೂ ಕಳಿಸಿದ್ದಾನೆ. ಎರಡು ಪುಟಗಳ ಸಾಮಗ್ರಿ ಪಟ್ಟಿ. ಮಾಸ್ತರರು ಅದರ ಪ್ರತಿಯನ್ನು ನಮಗೆ ಕಳಿಸಿ ಒಂದೇ ಪ್ರಶ್ನೆ ಕೇಳಿದ್ದಾರೆ: "ಈ ಪಟ್ಟಿಯಲ್ಲಿ ನನ್ನ ಮಗನ ಜೀವ ಕಾಯುವಂಥದ್ದು ಯಾವುದು, ಬರೀ ಅಲಂಕಾರ ಯಾವುದು?"

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಆದ್ದರಿಂದ ಈ ಲೇಖನ. ನೀವು ದೋಣಿ ಕೊಳ್ಳುವವರಲ್ಲದಿರಬಹುದು. ಆದರೂ ನೂರಾರು ಮೈಲಿ ಸುತ್ತ ಯಾರೂ ಇಲ್ಲದ ಕಡೆ ಎರಡು ಜೀವಗಳನ್ನು ಉಳಿಸಿಕೊಳ್ಳಲು ಏನೇನು ಬೇಕು ಎಂಬುದು ತಿಳಿದುಕೊಳ್ಳಬೇಕಾದ ಸಂಗತಿಯೇ.

ಯಾವ ದೋಣಿ ಇದು?

ಜಾಹೀರಾತಿನಲ್ಲಿರುವುದು ವೆಸ್ಟ್‌ಸೇಲ್ 32 ಎಂಬ ಮಾದರಿ. 1970ರ ದಶಕದಲ್ಲಿ ಇಂಥ ಎಂಟುನೂರಕ್ಕೂ ಹೆಚ್ಚು ದೋಣಿಗಳು ತಯಾರಾದವು. ಡೆಕ್ಕಿನ ಉದ್ದ 32 ಅಡಿ, ಅಗಲ 11 ಅಡಿ, ನೀರಿನೊಳಗಿನ ಆಳ 5 ಅಡಿ, ತೂಕ ಸುಮಾರು 9 ಟನ್. ಮುಂಭಾಗದಂತೆ ಹಿಂಭಾಗವೂ ಚೂಪು. ಈ ಆಕಾರದ ಮೂಲ ನಾರ್ವೆ ದೇಶದ್ದು. ಅಲ್ಲಿ ಬಿರುಗಾಳಿಯಲ್ಲಿ ಮೀನುಗಾರರನ್ನು ರಕ್ಷಿಸಲು ಹೋಗುವ ದೋಣಿಗಳನ್ನು ಕಾಲಿನ್ ಆರ್ಚರ್ ಎಂಬಾತ 1890ರ ದಶಕದಲ್ಲಿ ರೂಪಿಸಿದ. ಅವುಗಳನ್ನು ಆಧರಿಸಿ ಅಮೆರಿಕದ ವಿಲಿಯಂ ಆಟ್ಕಿನ್ 1920ರ ದಶಕದಲ್ಲಿ 'ಎರಿಕ್' ಎಂಬ ಚಿಕ್ಕ ವಿಹಾರ ದೋಣಿಯ ನಕ್ಷೆ ಮಾಡಿದ. ವೆಸ್ಟ್‌ಸೇಲ್ ಆ ಎರಿಕ್‌ನ ಫೈಬರ್ ಗ್ಲಾಸ್ ಸಂತಾನ.

ಇದೇ ಎರಿಕ್ ನಕ್ಷೆಗೆ ನಮ್ಮ ದೇಶದ ನಂಟೂ ಇದೆ. 1960ರ ದಶಕದಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಬ್ರಿಟಿಷ್ ವಾಣಿಜ್ಯ ನೌಕಾಧಿಕಾರಿ ಮುಂಬಯಿಯ ಕುಶಲಕರ್ಮಿಗಳಿಂದ, ತೇಗದ ಮರದಲ್ಲಿ, ಈ ನಕ್ಷೆಯ ದೋಣಿಯೊಂದನ್ನು ಕಟ್ಟಿಸಿದ. ಅದರ ಹೆಸರು 'ಸುಹೈಲಿ'. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಬ್ಬನೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ, 312 ದಿನಗಳ ನಂತರ 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ಮರಳಿದ. ಹಾಗೆ ಮಾಡಿದವರಲ್ಲಿ ಆತನೇ ಮೊದಲಿಗ.

ಈಗ ಮಾಸ್ತರರ ಪ್ರಶ್ನೆಗೆ ಸಂಬಂಧಿಸಿದ ವಿಷಯಕ್ಕೆ ಬರೋಣ. ಆ ಪ್ರಯಾಣದಲ್ಲಿ ಸುಹೈಲಿಯ ಸಾಮಗ್ರಿಗಳ ಗತಿ ಏನಾಯಿತು? ಆರಂಭದಲ್ಲೇ ಹಲಗೆಯ ಸಂದಿನಿಂದ ನೀರು ಸೋರಿತು. ಆತ ಸಮುದ್ರಕ್ಕಿಳಿದು ಸಂದಿಗೆ ಹತ್ತಿ ತುಂಬಿ ಮುಚ್ಚಿದ. ದಕ್ಷಿಣ ಸಾಗರದಲ್ಲಿ ಟ್ಯಾಂಕಿನ ಕುಡಿಯುವ ನೀರು ಕೆಟ್ಟಿತು, ಮಳೆನೀರು ಹಿಡಿದ. ರೇಡಿಯೋ ಪ್ರಸಾರಕ ಕೆಟ್ಟು ತಿಂಗಳುಗಟ್ಟಲೆ ಆತನ ಸುದ್ದಿಯೇ ಇರಲಿಲ್ಲ. ಆಸ್ಟ್ರೇಲಿಯಾ ತಲುಪುವ ಹೊತ್ತಿಗೆ ದೋಣಿಯನ್ನು ತಾನಾಗಿ ನಡೆಸುವ ಯಂತ್ರವೂ ಮುರಿಯಿತು. ಉಳಿದದ್ದು ದೋಣಿಯ ಒಡಲು, ಕೂವೆಮರ, ಹಾಯಿಗಳು, ಚುಕ್ಕಾಣಿ ಮತ್ತು ಆತನ ಎರಡು ಕೈಗಳು. ಅಷ್ಟರಿಂದಲೇ ಮನೆ ಸೇರಿದ.

ಜಾಹೀರಾತನ್ನು ಓದುವ ಕ್ರಮ ಇದರಿಂದಲೇ ತಿಳಿಯುತ್ತದೆ. ಮಾರುವವರು ಕಣ್ಣಿಗೆ ಕಾಣುವುದನ್ನು ಮೊದಲು ಬರೆಯುತ್ತಾರೆ: ತೇಗದ ಒಳಾಂಗಣ, ಫ್ರಿಜ್, ರೇಡಾರ್, ಬಣ್ಣದ ನಕ್ಷೆ ತೋರಿಸುವ ಜಿ.ಪಿ.ಎಸ್. ಪರದೆ. "ತಂತಿ, ಕವಾಟ, ಪಂಪುಗಳು ಸುಸ್ಥಿತಿಯಲ್ಲಿವೆ" ಎಂಬ ಸಾಲು ಕೊನೆಯಲ್ಲಿ ಇರುತ್ತದೆ. ಕೊಳ್ಳುವವರು ಕೊನೆಯ ಸಾಲಿನಿಂದ ಓದಲು ಆರಂಭಿಸಬೇಕು.

ಎಷ್ಟು ದೂರ, ಎಷ್ಟು ದಿನ?

ಸ್ಯಾನ್ ಫ್ರಾನ್ಸಿಸ್ಕೋದಿಂದ ಹವಾಯಿಗೆ ಸುಮಾರು 2,100 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಭಾರದ ದೋಣಿಯು ತಾನೇ ಎಬ್ಬಿಸುವ ಅಲೆಯನ್ನು ದಾಟಿ ಮುಂದೆ ಹೋಗಲಾರದು. ಆದ್ದರಿಂದ ಅದರ ಗರಿಷ್ಠ ವೇಗ ನೀರನ್ನು ಮುಟ್ಟುವ ಉದ್ದದ ಮೇಲೆ ನಿಂತಿದೆ. ಈ ದೋಣಿಗೆ ಅದು ಗಂಟೆಗೆ ಸುಮಾರು 7 ನಾಟಿಕಲ್ ಮೈಲಿ. ನಮ್ಮ ಸೈಕಲ್ ಸವಾರನ ವೇಗವೆನ್ನಿ. ಸರಾಸರಿ ದಿನಕ್ಕೆ 110 ಮೈಲಿ ಸಾಗಿದರೂ 19 ದಿನ ಬೇಕು. ನಡುದಾರಿಯಲ್ಲಿ ದಡವು ಎರಡೂ ಕಡೆ ಸಾವಿರ ಮೈಲಿ ದೂರ. ಅಷ್ಟು ದೂರಕ್ಕೆ ದಡದಿಂದ ಹೆಲಿಕಾಪ್ಟರ್ ಬರುವುದಿಲ್ಲ. ಬಂದರೆ ಆ ದಾರಿಯಲ್ಲಿ ಹೋಗುವ ಸರಕು ಹಡಗು ಬರಬೇಕು. ಅದಕ್ಕೆ ಒಂದೆರಡು ದಿನವೂ ಆಗಬಹುದು. ಅಷ್ಟು ಹೊತ್ತು ದೋಣಿಯೇ ತನ್ನನ್ನೂ ತನ್ನವರನ್ನೂ ಕಾಯಬೇಕು.

ಮೊದಲ ಪ್ರಶ್ನೆ: ನೀರು ಒಳಗೆ ಬರುತ್ತದೆಯೇ?

ಪ್ರತಿ ದೋಣಿಯ ತಳದಲ್ಲೂ ಬೇಕೆಂದೇ ಕೊರೆದ ತೂತುಗಳಿವೆ. ಇಂಜಿನ್ ತಂಪಾಗಿಸಲು, ಶೌಚಾಲಯಕ್ಕೆ, ಅಡುಗೆಮನೆಯ ನೀರು ಹೊರಹೋಗಲು. ಪ್ರತಿಯೊಂದಕ್ಕೂ ಕಂಚಿನ ಕವಾಟ, ಅದಕ್ಕೊಂದು ರಬ್ಬರ್ ಕೊಳವೆ. ಜಾಹೀರಾತಿನಲ್ಲಿ 'ಸೀಕಾಕ್' ಎಂದಿರುವುದು ಈ ಕವಾಟ. ಹಳೆಯ ದೋಣಿಯಲ್ಲಿ ಇದು ತುಕ್ಕು ಹಿಡಿದು ತಿರುಗದೆ ನಿಂತಿರಬಹುದು. ಕೊಳವೆ ಬಿರಿದರೆ ಏನಾಗುತ್ತದೆ?

ಇಲ್ಲಿ ಸ್ವಲ್ಪ ಭೌತಶಾಸ್ತ್ರ. ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ ಒಂದೂವರೆ ಅಂಗುಲದ ತೂತು ಇದೆಯೆನ್ನಿ. ನೀರು ಸೆಕೆಂಡಿಗೆ ಸುಮಾರು 3.4 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಅಂಚಿನ ತಡೆಯನ್ನು ಕಳೆದರೂ ಸೆಕೆಂಡಿಗೆ ಎರಡು ಲೀಟರಿಗೂ ಹೆಚ್ಚು. ಹದಿನೈದು ಲೀಟರಿನ ಕೊಡ ಏಳು ಸೆಕೆಂಡಿನಲ್ಲಿ ತುಂಬುವ ಲೆಕ್ಕ. ಇಬ್ಬರು ಕೈಪಂಪು ಒತ್ತಿ ಎಷ್ಟು ಹೊತ್ತು ಹೊರಹಾಕಬಲ್ಲರು? ಆದ್ದರಿಂದ ಪ್ರತಿ ಕವಾಟದ ಪಕ್ಕದಲ್ಲಿ ದಾರದಿಂದ ಕಟ್ಟಿದ ಒಂದು ಮೆದುಮರದ ಬಿರಡೆ ಇರಬೇಕು. ಬೆಲೆ ಪುಡಿಗಾಸು. ಇದೆಯೇ ಎಂದು ನೋಡಿದರೆ ಹಿಂದಿನ ಮಾಲೀಕನ ಸ್ವಭಾವವೂ ಗೊತ್ತಾಗುತ್ತದೆ.

ಪಂಪುಗಳು ಕನಿಷ್ಠ ಎರಡು ಬೇಕು: ಒಂದು ವಿದ್ಯುತ್ತಿನದು, ಒಂದು ಕೈಯದು. ಕೈಪಂಪನ್ನು ಚುಕ್ಕಾಣಿ ಹಿಡಿದವನು ಕುಳಿತಲ್ಲಿಂದಲೇ ಒತ್ತುವಂತಿರಬೇಕು.

ಫೈಬರ್ ಗ್ಲಾಸ್ ಒಡಲು ಕೊಳೆಯುವುದಿಲ್ಲ. ಆದರೆ ನೀರು ಹೀರಿ ಗುಳ್ಳೆ ಏಳಬಹುದು. ಈ ದೋಣಿಯ ಒಡಲು ದಪ್ಪವಾದ್ದರಿಂದ ಚಿಕ್ಕಪುಟ್ಟ ಗುಳ್ಳೆಗೆ ಹೆದರಬೇಕಿಲ್ಲ. ಹೆಚ್ಚು ಚಿಂತೆ ಡೆಕ್ಕಿನದು. ಅದರ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇದೆ. ಸ್ಕ್ರೂ ತೂತಿನಿಂದ ಮಳೆನೀರು ಇಳಿದು ಪ್ಲೈವುಡ್ ಕೊಳೆತರೆ ಮೇಲಿನಿಂದ ಕಾಣುವುದಿಲ್ಲ. ಪರೀಕ್ಷಕರು ಸಣ್ಣ ಸುತ್ತಿಗೆಯಿಂದ ಅಡಿ ಅಡಿಗೂ ತಟ್ಟುತ್ತಾ ಹೋಗುತ್ತಾರೆ. ನಾವು ಹಲಸಿನಹಣ್ಣು ತಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿಯಾದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ಬದ್ ಎನ್ನುತ್ತದೆ.

ಇನ್ನೊಂದು ಮಾತು. ವೆಸ್ಟ್‌ಸೇಲ್ ದೋಣಿಗಳಲ್ಲಿ ಅನೇಕವನ್ನು ಬರೀ ಒಡಲಾಗಿ ಮಾರಿದ್ದರು. ಕೊಂಡವರು ಒಳಗಿನ ಕೆಲಸವನ್ನು ತಮ್ಮ ಮನೆಯಂಗಳದಲ್ಲಿ ತಾವೇ ಮಾಡಿಕೊಂಡರು. ಒಬ್ಬನ ಕೆಲಸ ಕಾರ್ಖಾನೆಯದಕ್ಕಿಂತ ಚೆನ್ನ, ಇನ್ನೊಬ್ಬನದು ತೀರ ಕಳಪೆ. ಹೆಸರು ಒಂದೇ ಆದರೂ ಎರಡು ದೋಣಿಗಳು ಒಂದೇ ಅಲ್ಲ.

ಎರಡನೆಯದು: ಮಗುಚಿದರೆ ಏಳುತ್ತದೆಯೇ?

ಬುಡ ಭಾರದ ತಂಜಾವೂರು ಗೊಂಬೆಯನ್ನು ನೋಡಿದ್ದೀರಿ. ಎಷ್ಟು ಸಲ ಮಲಗಿಸಿದರೂ ಎದ್ದು ಕೂರುತ್ತದೆ. ಹಾಯಿದೋಣಿಯ ಗುಟ್ಟೂ ಅದೇ. ದೋಣಿಯ ಬೆನ್ನೆಲುಬಾದ ಕೀಲ್‌ನೊಳಗೆ ಸೀಸ ಅಥವಾ ಕಬ್ಬಿಣ ತುಂಬಿರುತ್ತದೆ. ಈ ದೋಣಿಯ 9 ಟನ್ನಿನಲ್ಲಿ 3 ಟನ್ನಿಗೂ ಹೆಚ್ಚು ಈ ಭಾರವೇ. ಬೇರೆ ಬಗೆಯ ಅನೇಕ ದೋಣಿಗಳಲ್ಲಿ ಕೀಲನ್ನು ಹೊರಗಿನಿಂದ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಆ ಬೋಲ್ಟುಗಳ ವಯಸ್ಸು ದೊಡ್ಡ ಪ್ರಶ್ನೆ. ವೆಸ್ಟ್‌ಸೇಲ್‌ನಲ್ಲಿ ಭಾರವು ಒಡಲಿನೊಳಗೇ ಇರುವುದರಿಂದ ಆ ಭಯವಿಲ್ಲ.

ಮೂರನೆಯದು: ಕೂವೆಮರ ನಿಲ್ಲುತ್ತದೆಯೇ?

ಕೂವೆಮರವನ್ನು ನಿಲ್ಲಿಸಿರುವುದು ಸುತ್ತಲಿನ ಉಕ್ಕಿನ ತಂತಿಗಳು. ಒಂದು ತುಂಡಾದರೂ ಕಂಬ ಮುರಿದು ಬೀಳಬಹುದು. ಸ್ಟೇನ್‌ಲೆಸ್ ಸ್ಟೀಲ್ ಹೊಳೆಯುತ್ತಿದ್ದರೆ ಗಟ್ಟಿ ಎಂದು ನಾವು ತಿಳಿಯುತ್ತೇವೆ. ಆದರೆ ಅದನ್ನು ತುಕ್ಕಿನಿಂದ ಕಾಯುವ ತೆಳು ಪೊರೆಗೆ ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಪೊರೆ ಹೋಗಿ, ಲೋಹ ಒಳಗಿಂದೊಳಗೇ ಸೀಳುತ್ತದೆ. ಹೊರಗೆ ಕನ್ನಡಿಯಂತೆ ಹೊಳೆಯುವ ತಂತಿ ತುದಿಯ ಹಿಡಿಕೆಯೊಳಗೆ ಅರ್ಧ ತುಂಡಾಗಿರಬಹುದು. ಅದಕ್ಕೇ ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಎಲ್ಲ ತಂತಿಗಳನ್ನು ಬದಲಿಸುವುದು ವಾಡಿಕೆ. "ಸುಸ್ಥಿತಿಯಲ್ಲಿದೆ" ಎಂಬ ಮಾತಿಗೆ ಬೆಲೆಯಿಲ್ಲ. ಯಾವ ವರ್ಷ ಬದಲಿಸಿದರು, ರಸೀದಿ ಎಲ್ಲಿ ಎಂದು ಕೇಳಬೇಕು. ಈ ಖರ್ಚು ಕೊಳ್ಳುವವನ ತಲೆಗೆ ಬೀಳುವುದಾದರೆ ಬೆಲೆಯಲ್ಲಿ ಕಳೆಯಬೇಕು.

ಹಾಯಿಗಳ ಪಟ್ಟಿ ಉದ್ದವಾಗಿರುತ್ತದೆ. ಅದರಲ್ಲಿ ನೋಡಬೇಕಾದ್ದು ಅತಿ ಚಿಕ್ಕ ಹಾಯಿಗಳನ್ನು. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಆಗ ದೊಡ್ಡ ಹಾಯಿಯನ್ನು ಮಡಿಸಿ ಕಿರಿದಾಗಿಸಬೇಕು. ಬಿರುಗಾಳಿಯಲ್ಲಿ ಅದನ್ನೂ ಇಳಿಸಿ, ದಪ್ಪ ಬಟ್ಟೆಯ ಪುಟ್ಟ ಬಿರುಗಾಳಿ ಹಾಯಿಗಳನ್ನು ಏರಿಸಬೇಕು. ಎರಡೂ ಪಟ್ಟಿಯಲ್ಲಿ ಇವೆಯೇ? ಮಾಸ್ತರರು ಕಳಿಸಿದ ಪಟ್ಟಿಯಲ್ಲಿ ಒಂದು ಮಾತ್ರ ಇದೆ.

ನಾಲ್ಕನೆಯದು: ಚುಕ್ಕಾಣಿ ಹಿಡಿಯುವವರು ಯಾರು?

ಇಬ್ಬರೇ 19 ದಿನ ಹಗಲಿರುಳು ಚುಕ್ಕಾಣಿ ಹಿಡಿದರೆ ಮೂರನೆಯ ದಿನಕ್ಕೆ ನಿದ್ದೆಗೆಟ್ಟು ತಪ್ಪು ಮಾಡುತ್ತಾರೆ. ಪಟ್ಟಿಯಲ್ಲಿರುವ 'ವಿಂಡ್ ವೇನ್' ಇವರ ಮೂರನೆಯ ಸಂಗಾತಿ. ಹಿಂಭಾಗದಲ್ಲಿ ತೆಳು ಹಲಗೆಯೊಂದು ಗಾಳಿಗೆ ಮುಖಮಾಡಿ ನಿಂತಿರುತ್ತದೆ. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯನ್ನು ಒಂದು ಕಡೆಗೆ ಬಾಗಿಸುತ್ತದೆ. ಅದು ನೀರಿನಲ್ಲಿರುವ ಹುಟ್ಟಿನಂಥ ಪಟ್ಟಿಯನ್ನು ತುಸು ತಿರುಗಿಸುತ್ತದೆ. ಹರಿಯುವ ನೀರು ಆ ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಪಟ್ಟಿಗೆ ಕಟ್ಟಿದ ಹಗ್ಗ ಚುಕ್ಕಾಣಿಯನ್ನು ಎಳೆದು ದೋಣಿಯನ್ನು ದಾರಿಗೆ ತರುತ್ತದೆ. ಒಂದು ಯೂನಿಟ್ ವಿದ್ಯುತ್ತೂ ಬೇಡ. ವಿದ್ಯುತ್ ಸ್ವಯಂಚಾಲಕವೂ ಪಟ್ಟಿಯಲ್ಲಿದೆ. ಗಾಳಿಯಿಲ್ಲದಾಗ ಇಂಜಿನ್ ಹಾಕಿ ಹೋಗುವಾಗ ಅದು ಬೇಕು.

ಐದನೆಯದು: ಲಂಗರು, ಇಂಜಿನ್, ಅಡುಗೆ

ದೋಣಿಗಳು ನಡುಗಡಲಿಗಿಂತ ದಡದ ಬಳಿ ಒಡೆಯುವುದೇ ಹೆಚ್ಚು. ಆದ್ದರಿಂದ ಎರಡು ಒಳ್ಳೆಯ ಲಂಗರುಗಳು, ಜೊತೆಗೆ ಸರಪಳಿ ಬೇಕು. 10 ಮಿಲಿಮೀಟರಿನ ಸರಪಳಿ ಮೀಟರಿಗೆ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. 60 ಮೀಟರಿಗೆ ಒಂದೂಕಾಲು ಕ್ವಿಂಟಾಲು ದಾಟುತ್ತದೆ. ಈ ತೂಕವೇ ಸರಪಳಿಯನ್ನು ನೆಲದ ಮೇಲೆ ಮಲಗಿಸಿ, ಲಂಗರನ್ನು ಮೇಲಕ್ಕೆ ಎಳೆಯದೆ ಅಡ್ಡಕ್ಕೆ ಎಳೆಯುವಂತೆ ಮಾಡುತ್ತದೆ. ಆಗ ಅದು ಮಣ್ಣಿಗೆ ಕಚ್ಚುತ್ತದೆ.

ಇಂಜಿನ್ ಡೀಸೆಲ್‌ನದೇ ಆಗಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಶೇಖರವಾಗಿ ಕಿಡಿಗೆ ಕಾದಿರುತ್ತದೆ. ಅಡುಗೆ ಅನಿಲದ ಸ್ವಭಾವವೂ ಇದೇ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಹಾಕಬಹುದು. ದೋಣಿಗೆ ಕೆಳಗೆ ಬಾಗಿಲಿಲ್ಲ. ಆದ್ದರಿಂದ ಸಿಲಿಂಡರ್ ಕ್ಯಾಬಿನ್ನಿನಿಂದ ಬೇರೆಯಾದ, ಗಾಳಿಬಿಗಿಯಾದ ಪೆಟ್ಟಿಗೆಯಲ್ಲಿರಬೇಕು. ಸೋರಿದ್ದು ನೇರವಾಗಿ ದೋಣಿಯ ಹೊರಗೆ ಹೋಗುವ ಕೊಳವೆ ಆ ಪೆಟ್ಟಿಗೆಗಿರಬೇಕು.

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರೆಂದು ಹಿಡಿಯಿರಿ. ಇಬ್ಬರಿಗೆ ಒಂದು ತಿಂಗಳಿಗೆ 240 ಲೀಟರ್. ಅದು ಒಂದೇ ಟ್ಯಾಂಕಿನಲ್ಲಿರಬಾರದು. ಸುಹೈಲಿಯ ಕಥೆ ನೆನಪಿರಲಿ.

ಫ್ರಿಜ್ಜಿನ ವಿಷಯ. 50 ವ್ಯಾಟಿನ ಚಿಕ್ಕ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೆ 600 ವ್ಯಾಟ್-ಗಂಟೆ. ಹಾಯಿಯ ನೆರಳು ಬೀಳುವ, ಓಲಾಡುವ ದೋಣಿಯಲ್ಲಿ 100 ವ್ಯಾಟಿನ ಒಂದು ಸೌರಫಲಕ ಅದರ ಅರ್ಧದಷ್ಟು ಕೊಟ್ಟರೆ ಹೆಚ್ಚು. ಫ್ರಿಜ್ ಬೇಡವೆಂದಲ್ಲ, ರಾತ್ರಿಯ ದೀಪಕ್ಕೂ ರೇಡಿಯೋಗೂ ಬೇಕಾದ ಬ್ಯಾಟರಿಯನ್ನು ಅದು ತಿನ್ನಬಾರದು.

ಕೊನೆಯದು: ಕರೆ ಮತ್ತು ಪಾರಾಗುವಿಕೆ

ಜಿ.ಪಿ.ಎಸ್., ಸುತ್ತಲಿನ ಹಡಗುಗಳನ್ನು ತೋರಿಸುವ ಎ.ಐ.ಎಸ್., ಉಪಗ್ರಹ ಫೋನ್ ಇವೆಲ್ಲ ಒಳ್ಳೆಯ ಸಾಧನಗಳೇ. ಜೊತೆಗೆ ಒಂದು ದಿಕ್ಸೂಚಿ, ಕಾಗದದ ನಕ್ಷೆ ಇರಲಿ. ಅವುಗಳಿಗೆ ಬ್ಯಾಟರಿ ಬೇಡ.

ಪಟ್ಟಿಯಲ್ಲಿ 'ಇ.ಪಿ.ಐ.ಆರ್.ಬಿ. ಒಂದು' ಎಂದಿದೆ. ಇದು ಆಪತ್ತಿನಲ್ಲಿ ಉಪಗ್ರಹಗಳಿಗೆ ಕೂಗು ಕಳಿಸುವ ಪುಟ್ಟ ಪ್ರಸಾರಕ. ಇಲ್ಲಿ ಒಂದು ಮೋಸ ಅಡಗಿರಬಹುದು. ಹಳೆಯವು 121.5 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿದ್ದವು. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಕೂಗನ್ನು ಕೇಳುವುದನ್ನು ನಿಲ್ಲಿಸಿವೆ. 406 ಮೆಗಾಹರ್ಟ್ಸ್‌ನದೇ ಬೇಕು. ಬ್ಯಾಟರಿಯ ಅವಧಿ ಮುಗಿದಿರಬಾರದು. ಹೊಸ ಮಾಲೀಕನ ಹೆಸರಿಗೆ ನೋಂದಣಿ ಆಗಬೇಕು. ಈ ಅಂತರರಾಷ್ಟ್ರೀಯ ವ್ಯವಸ್ಥೆಯ ಭಾರತೀಯ ನಿಯಂತ್ರಣ ಕೇಂದ್ರ ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿದೆ ಎಂಬುದು ಅನೇಕರಿಗೆ ತಿಳಿದಿಲ್ಲ.

'ಲೈಫ್ ರಾಫ್ಟ್' ಎಂದರೆ ಗಾಳಿ ತುಂಬಿಕೊಂಡು ಬಿಚ್ಚಿಕೊಳ್ಳುವ ತೆಪ್ಪ. ಒಂದರಿಂದ ಮೂರು ವರ್ಷಕ್ಕೊಮ್ಮೆ ಬಿಚ್ಚಿಸಿ ತಪಾಸಣೆ ಮಾಡಿಸಿದ ಚೀಟಿ ಇಲ್ಲದಿದ್ದರೆ, ಅದು ಇಲ್ಲವೆಂದೇ ಲೆಕ್ಕ. ಇದ್ದರೂ ಅದು ಕೊನೆಯ ಆಸರೆ. 1979ರ ಆಗಸ್ಟಿನಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಸ್ಪರ್ಧೆಯ 303 ದೋಣಿಗಳು ಹೊರಟಾಗ ಬಿರುಗಾಳಿ ಎರಗಿತು. 15 ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ಜನ ಬಿಟ್ಟು ಹೋದರು. ಆದರೆ ಆ 24ರಲ್ಲಿ ಮುಳುಗಿದ್ದು ಐದು ಮಾತ್ರ. ಉಳಿದ 19 ತೇಲುತ್ತಲೇ ಸಿಕ್ಕವು.

ವೆಸ್ಟ್‌ಸೇಲ್ 32ರದೇ ಒಂದು ಪ್ರಸಂಗವಿದೆ. 1991ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ ಭಾರಿ ಬಿರುಗಾಳಿಯಲ್ಲಿ 'ಸಟೋರಿ' ಎಂಬ ದೋಣಿ ಸಿಕ್ಕಿಕೊಂಡಿತು. ಅದರಲ್ಲಿದ್ದ ಮೂವರನ್ನೂ ಕರಾವಳಿ ರಕ್ಷಣಾ ಪಡೆ ಎತ್ತಿಕೊಂಡಿತು. ಯಾರೂ ಇಲ್ಲದ ದೋಣಿ ತನ್ನಷ್ಟಕ್ಕೆ ತೇಲಿ, ಮೇರಿಲ್ಯಾಂಡಿನ ಅಸಟೀಗ್ ದ್ವೀಪದ ಮರಳದಂಡೆಗೆ ಬಂದು ಕೂತಿತು. ಮತ್ತೆ ನೀರಿಗಿಳಿದು ಬಹಳ ಕಾಲ ಓಡಾಡಿತು. ಮೂವರು ದೋಣಿ ಬಿಟ್ಟದ್ದು ತಪ್ಪೆಂದು ದಡದಲ್ಲಿ ಕುಳಿತು ಹೇಳಲು ನಾವ್ಯಾರು? ಆದರೆ ಒಡಲು ಗಟ್ಟಿಯಿದ್ದರೆ ದೋಣಿಯೇ ಎಲ್ಲಕ್ಕಿಂತ ದೊಡ್ಡ ತೆಪ್ಪ ಎಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಗಟ್ಟಿ ದೋಣಿಗೆ ಏನೂ ಆಗದು ಎಂದೂ ಅಲ್ಲ. 2018ರಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಗೋವಾದಲ್ಲಿ ಕಟ್ಟಿದ ಸುಹೈಲಿಯ ಪ್ರತಿರೂಪ 'ತುರಿಯಾ'ದಲ್ಲಿ ಭೂಪ್ರದಕ್ಷಿಣೆಯ ಸ್ಪರ್ಧೆಗೆ ಹೊರಟಿದ್ದರು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದೋಣಿ ಮಗುಚಿ, ಕೂವೆಮರ ಮುರಿದು, ಅವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ಫ್ರಾನ್ಸಿನ 'ಒಸಿರಿಸ್' ನೌಕೆ ಅವರನ್ನು ತಲುಪಿದ್ದು 24ರಂದು. ಅಷ್ಟೂ ಹೊತ್ತು ಅವರನ್ನು ಹೊತ್ತು ತೇಲಿದ್ದು ಮುಳುಗದ ಆ ಒಡಲು. ಎಲ್ಲಿದ್ದಾರೆಂದು ತಿಳಿಸಿದ್ದು ಉಪಗ್ರಹಕ್ಕೆ ತಲುಪುತ್ತಿದ್ದ ಸಂಕೇತ.

ಮಗನಿಗೆ ಕೇಳಬೇಕಾದ ಪ್ರಶ್ನೆಗಳು

ಮಾಸ್ತರರೇ, ನಿಮ್ಮ ಮಗನಿಗೆ ಬರೆಯುವಾಗ ಈ ಪ್ರಶ್ನೆಗಳನ್ನು ಕೇಳಿ.

1. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಮಾರುವವರಿಗೆ ಸಂಬಂಧವಿಲ್ಲದ ಸರ್ವೇಯರ್ ಒಬ್ಬರಿಂದ ತಪಾಸಣೆ ಮಾಡಿಸಿದೆಯಾ?
2. ಎಲ್ಲ ಕವಾಟಗಳನ್ನು ನಿನ್ನ ಕೈಯಿಂದಲೇ ತಿರುಗಿಸಿ ನೋಡಿದೆಯಾ? ಬಿರಡೆಗಳಿವೆಯಾ?
3. ಉಕ್ಕಿನ ತಂತಿಗಳನ್ನು ಬದಲಿಸಿದ್ದು ಯಾವ ವರ್ಷ?
4. ಬಿರುಗಾಳಿ ಹಾಯಿ ಎರಡೂ ಇವೆಯಾ? ಏರಿಸಿ ಅಭ್ಯಾಸ ಮಾಡಿದ್ದೀಯಾ?
5. ವಿಂಡ್ ವೇನ್ ನಿಜವಾಗಿ ದೋಣಿ ನಡೆಸುತ್ತದೆಯಾ? ಸಮುದ್ರದಲ್ಲಿ ನೋಡಿದೆಯಾ?
6. ಆಪತ್ತಿನ ಪ್ರಸಾರಕ ನಿನ್ನ ಹೆಸರಿಗೆ ನೋಂದಣಿಯಾಗಿದೆಯಾ? ತೆಪ್ಪದ ತಪಾಸಣೆ ಚೀಟಿ ಇದೆಯಾ?
7. ರಾತ್ರಿ ಡೆಕ್ಕಿನ ಮೇಲೆ ಹೋಗುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ ಇಬ್ಬರಿಗೂ ಇದೆಯಾ?
8. ನಿನಗೆ ಏಳಲಾಗದಂತೆ ಕಾಯಿಲೆಯಾದರೆ ನಿನ್ನ ಹೆಂಡತಿ ಒಬ್ಬಳೇ ದೋಣಿ ನಡೆಸಬಲ್ಲಳಾ?

ಎಂಟನೆಯ ಪ್ರಶ್ನೆ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಕೊಂಡ ಕೂಡಲೇ ಹವಾಯಿಗೆ ಹೊರಡುವುದು ಬೇಡ. ಒಂದು ವರ್ಷ ಕರಾವಳಿಯಲ್ಲೇ ಓಡಾಡಿ, ಒಂದೊಂದಾಗಿ ಏನೇನು ಕೆಡುತ್ತದೆಂದು ನೋಡಿ, ಇಬ್ಬರೂ ಅದನ್ನು ರಿಪೇರಿ ಮಾಡಲು ಕಲಿಯಲಿ. ಮಗ ಈ ಎಂಟಕ್ಕೂ ನೇರವಾಗಿ ಉತ್ತರಿಸಿದರೆ ನೀವು ಸಮಾಧಾನದಿಂದ ಒಪ್ಪಿಗೆ ಕೊಡಬಹುದು. ಯಾವುದಾದರೂ ಒಂದಕ್ಕೆ "ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ" ಎಂದು ಬರೆದರೆ, ಇನ್ನೊಂದು ಪತ್ರ ಬರೆಯಿರಿ. ಅವನು ಏನೆಂದನೆಂದು ನಮಗೂ ತಿಳಿಸಿ.